ಬೀಗರು ಕಾಣ್ತಾರ, ಗೋಡಿ ಎಲ್ಲೈತ್ರಿ?

ನಾನೂ ನಕ್ಕೆ. ಅದನ್ನೇ ನನಗೆ ನುಂಗಲು ಆಗುತ್ತಿಲ್ಲ.

ಕಚೇರಿಯ ಕಿಟಕಿಯೊಳಗೆ ಕೂತವನು ಅಂದದ್ದು ಹಾಳಾಗಲಿ, ಸಾಲಿನಲ್ಲಿ ನಿಂತವರು ನಕ್ಕದ್ದೂ ಹಾಳಾಗಲಿ. ಎಲ್ಲರ ಜೊತೆ ನಾನೂ ಹಲ್ಲು ಕಿರಿದೆನಲ್ಲ! ಬಸ್ಸಿನಲ್ಲಿ ಅದೇ ನೆನಪು. ರೊಟ್ಟಿ ಬಡಿಯುವಾಗ ಅದೇ. ಈಗ ರಾತ್ರಿ ಹನ್ನೊಂದೂವರೆ. ನಾಳೆಯ ಪಾಠದ ಟಿಪ್ಪಣಿ ಬರೆಯಬೇಕಿತ್ತು, ಇದನ್ನು ಬರೆಯುತ್ತಾ ಕೂತಿದ್ದೇನೆ. ಹಿತ್ತಲಲ್ಲಿ ತಾಡಪತ್ರಿ ಗಾಳಿಗೆ ಪಟಪಟ ಅಂತಿದೆ. ಆ ಸದ್ದಿಗೆ ಹೇಗೂ ನಿದ್ದೆ ಬರಲ್ಲ.

ಗದಗ ಜಿಲ್ಲೆಯ ಒಂದು ಊರು. ಸಂರಕ್ಷಿತ ಸ್ಮಾರಕವಾದ ಒಂದು ಹಳೇ ಗುಡಿ, ಅದರ ಹತ್ತಿರ ನಮ್ಮ ಮನೆ. ಹೆಸರು ಬರೆಯಲ್ಲ. ಕಚೇರಿ ಯಾವುದು ಅಂತಲೂ ಬರೆಯಲ್ಲ. ಬರೆದರೆ ಮುಂದಿನ ವಾರ ಅದೇ ಕಿಟಕಿಯ ಮುಂದೆ ಮತ್ತೆ ನಿಲ್ಲಬೇಕಾದವಳು ನಾನೇ ಅಲ್ವಾ?

ನಮ್ಮ ಮನೆಯ ಹಿತ್ತಲ ಗೋಡೆ ಜೂನ್‌ನಲ್ಲಿ ನಿಂತಿತ್ತು. ಇದನ್ನು ದಯವಿಟ್ಟು ನೆನಪಿಡಿ. ಹೊಟ್ಟೆ ಬಿಟ್ಟಿತ್ತು, ಒಪ್ಪುತ್ತೇನೆ. ಒಂದು ಬಿರುಕಿನಲ್ಲಿ ಕೈ ಹೋಗುತ್ತಿತ್ತು. ಆದರೂ ನಿಂತಿತ್ತು. ಆಗಲೇ ಹೋಗಿ ಕೇಳಿದ್ದೆ. "ಗುಡಿ ಹತ್ರದ ಮನಿ, ಎನ್‌ಒಸಿ ಬೇಕು, ಹಳೇ ಕಾಗದ ತಗೊಂಡು ಬರ್ರಿ" ಅಂದರು. ಎನ್‌ಒಸಿ ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ. ಕಾಗದ ಹುಡುಕುವಷ್ಟರಲ್ಲಿ ಆಗಸ್ಟ್ ಬಂತು. ಮೂರು ದಿನ ಜಡಿ ಮಳೆ. ನಾಲ್ಕನೇ ದಿನ ಬೆಳಗಿನ ಜಾವ ಗೋಡೆ ಧಸಕ್ ಅಂತ ಕೂತುಬಿಟ್ಟಿತು. ಅದೃಷ್ಟ, ಹೊರಗಡೆ ಬಿತ್ತು. ಒಳಗಡೆ ಬಿದ್ದಿದ್ದರೆ ಅತ್ತೆಯ ಹಾಸಿಗೆ ಅಲ್ಲೇ ಇತ್ತು.

ಇವತ್ತು ಕಾಗದ ಸಮೇತ ಹೋದೆ. ಅವನು ಹೇಳಿದ್ದು ಇದು. ಅವನ ಮಾತಲ್ಲೇ ಬರೆಯುತ್ತೇನೆ, ಒಂದಕ್ಷರ ಸೇರಿಸಿಲ್ಲ: "ಗೋಡಿ ನಿಂತಿದ್ರ ಅದು ರಿಪೇರಿ ಅಕ್ಕೋರ. ಬಿದ್ರ ಮರುನಿರ್ಮಾಣ. ನೂರು ಮೀಟರ್ ಒಳಗ ರಿಪೇರಿಗೆ ಅರ್ಜಿ ಹಾಕಬಹುದು. ಮರುನಿರ್ಮಾಣಕ್ಕ ಬರೂದಿಲ್ಲ."

"ನಿಂತಾಗ ಬಂದಿದ್ನೆಲ್ರಿ?"

"ಆವಾಗ ನಿಮ್ಮ ಹತ್ರ ಕಾಗದ ಇರಲಿಲ್ಲ."

ಇದಕ್ಕೆ ಏನು ಹೇಳಬೇಕು? ಯಾರಾದರೂ ಹೇಳಿ. ಕಾಗದ ಇಲ್ಲದಾಗ ಗೋಡೆ ಇತ್ತು. ಕಾಗದ ಬಂದಾಗ ಗೋಡೆ ಇಲ್ಲ.

ಮತ್ತೆ ಆ ನೂರು ಮೀಟರ್, ಸಂರಕ್ಷಿತ ಗುಡಿಯ ಸುತ್ತ ಕಟ್ಟುವುದಕ್ಕೆ ನಿಷೇಧ ಇರುವಷ್ಟು ದೂರ. ಅದೂ ಒಂದು ಕಥೆ. ನಾನು ಗಣಿತ ಕಲಿಸುವ ಸಹೋದ್ಯೋಗಿಯ ಟೇಪ್ ತಂದು, ಗುಡಿ ಬಾಗಿಲಿಂದ ನಮ್ಮ ಹಿತ್ತಲವರೆಗೆ ಅಳೆದಿದ್ದೆ. 112 ಮೀಟರ್. ಗೆದ್ದೆ ಅಂದುಕೊಂಡೆ. ಗುಡಿ ಬಾಗಿಲಿಂದ ಅಳೆಯುವುದಲ್ಲವಂತೆ. ಸಂರಕ್ಷಿತ ಜಾಗದ ಗಡಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ. ಅಂದರೆ ತಂತಿ ಬೇಲಿಯಿಂದ. ಬೇಲಿಯಿಂದ ಅಳೆದರೆ 91. ಒಂಬತ್ತು ಮೀಟರಿಗೆ ನಾವು ಒಳಗೆ ಬಿದ್ದೆವು. ಪಕ್ಕದ ಮನೆಯವರು ಹೊರಗೆ. ಅವರು ಅರ್ಜಿ ಹಾಕಿದರೆ ಮರುನಿರ್ಮಾಣವೂ ಸಿಗಬಹುದು, ಹೊಸದೂ ಸಿಗಬಹುದು. ಇಬ್ಬರ ಮಧ್ಯೆ ಇರುವುದು ಒಂದೇ ಗೋಡೆ!

ಸರಿ, ಆ ಕ್ಷಣಕ್ಕೆ ಬರುತ್ತೇನೆ. ಬರದೆ ಬಿಡಲ್ಲ ಅದು ನನ್ನನ್ನು.

ನೂರು ಮೀಟರ್ ಒಳಗಿನ ಮನೆ 1992ರ ಜೂನ್ 16ಕ್ಕಿಂತ ಮುಂಚೆ ಇತ್ತು ಅಂತ ತೋರಿಸಬೇಕು. ಮನೆ ಮಾವನವರ ಅಪ್ಪ ಕಟ್ಟಿಸಿದ್ದು. ಜಂತಿ, ತೊಲೆ, ಮೇಲ್ಮುದ್ದೆಯ ಮಾಳಿಗೆ ಮನೆ. ಹಳೆಯ ಕರ ರಸೀದಿಗಳು ಟ್ರಂಕಿನಲ್ಲಿ ಇದ್ದವು. ಮಾಳಿಗೆ ಸೋರಿ ಎಲ್ಲ ಒಂದೇ ಮುದ್ದೆಯಾಗಿದ್ದವು. ಬಿಡಿಸಲು ಹೋದರೆ ಹಪ್ಪಳದ ಹಾಗೆ ಮುರಿದವು. ಉಳಿದದ್ದು ಒಂದು ಫೋಟೋ. 1988ರಲ್ಲಿ ನನ್ನ ನಾದಿನಿಯ ಮದುವೆ. ಹಿತ್ತಲಲ್ಲೇ ಹಂದರ ಹಾಕಿದ್ದರು. ಹಿಂದೆ ನಮ್ಮ ಗೋಡೆ. ಫೋಟೋದ ಹಿಂದೆ ಸ್ಟುಡಿಯೋದವರು ತಾರೀಖು ಬರೆದಿದ್ದಾರೆ. ಗೋಡೆಯಲ್ಲಿ ದೀಪದ ಮಾಡವೂ ಕಾಣುತ್ತದೆ, ಅರ್ಧ. ಉಳಿದರ್ಧಕ್ಕೆ ಬೀಗರ ರುಮಾಲು ಅಡ್ಡ ಬಂದಿದೆ.

ಅವನು ಫೋಟೋ ತೆಗೆದುಕೊಂಡ. ಕಣ್ಣಿನ ಹತ್ತಿರ ಹಿಡಿದ. ದೂರ ಹಿಡಿದ. ಆಮೇಲೆ ಮೇಲಕ್ಕೆತ್ತಿ, ಟ್ಯೂಬ್‌ಲೈಟಿಗೆ ಹಿಡಿದು, ಪಕ್ಕದ ಟೇಬಲ್‌ನವನಿಗೂ ಕೇಳುವ ಹಾಗೆ ಅಂದ: "ಅಕ್ಕೋರ, ಇದರಾಗ ಬೀಗರು ಕಾಣ್ತಾರ, ಗೋಡಿ ಎಲ್ಲೈತ್ರಿ?"

ಎಲ್ಲರೂ ನಕ್ಕರು. ಪಕ್ಕದವನು ಫೋಟೋ ಇಸಿದುಕೊಂಡು ನೋಡಿದ. ನಾನು ಕಿಟಕಿಯ ಸರಳಿನ ಸಂದಿಯಿಂದ ಬೆರಳು ತೂರಿಸಿ, "ಇಲ್ನೋಡ್ರಿ, ಈ ಮಾಡ" ಅಂತ ತೋರಿಸುತ್ತಿದ್ದೇನೆ. ನಲವತ್ತೆಂಟು ವರ್ಷದ ಹೆಂಗಸು, ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು, ಮದುವೆ ಫೋಟೋದಲ್ಲಿ ಗೋಡೆ ತೋರಿಸುತ್ತಿದ್ದೇನೆ. "ಮಾಡ ಎಲ್ಲಾರ ಮನ್ಯಾಗೂ ಇರ್ತದ್ರಿ" ಅಂದ. ಮತ್ತೆ ನಗು. ಆಗ ನಾನೂ ನಕ್ಕೆ. ಯಾಕೆ ನಕ್ಕೆ? ನಕ್ಕರೆ ಕೆಲಸ ಆಗುತ್ತದೆ ಅಂತ. ಅಷ್ಟೇ. ಬೇರೆ ಕಾರಣ ಇಲ್ಲ. ಆ ಫೋಟೋದಲ್ಲಿ ಇರುವ ಏಳು ಜನರಲ್ಲಿ ನಾಲ್ವರು ಈಗ ಇಲ್ಲ. ಮಾವನವರು ಇಲ್ಲ. ಆ ರುಮಾಲಿನ ಬೀಗರೂ ಇಲ್ಲ. ನಾನು ನಗುತ್ತಾ ನಿಂತಿದ್ದೆ.

ಫೋಟೋ ವಾಪಸ್ ಬರುವಾಗ ಮೂಲೆಗೆ ಚಹಾದ ಕಲೆ ಹತ್ತಿತ್ತು.

ಇನ್ನೂ ಇದೆ. ನನ್ನ ಹಿಂದೆಯೇ ಸಾಲಿನಲ್ಲಿ ಒಬ್ಬರು ನಿಂತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಅವರೇ. ಅವರು ನಗಲು ಕಾರಣ ಇದೆ, ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಅವರು ಗುಡಿ ಬೇಲಿಗೆ ಹತ್ತಿ ತಗಡಿನ ಶೆಡ್ ಹಾಕುತ್ತಿದ್ದರು. ಕಬ್ಬಿಣದ ಕಂಬಕ್ಕೆ ಕುಣಿ ತೋಡಿದ್ದರು. ಆಗ ಅರ್ಜಿ ಬರೆದು ನಿಲ್ಲಿಸಿದ್ದು ಯಾರು? ನಾನು. ಹೈಸ್ಕೂಲು ಅಕ್ಕೋರು. ಎರಡು ಪುಟದ ಅರ್ಜಿ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆ, 2010ರ ತಿದ್ದುಪಡಿ, ನೂರು ಮೀಟರ್ ನಿಷೇಧ, ಅದರಾಚೆ ಇನ್ನೂರು ಮೀಟರ್ ನಿಯಂತ್ರಣ, ತಪ್ಪಿದರೆ ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿದ್ದೆ. ಇವತ್ತು ಅವರು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಿಮಗೂ ಬಂತ್ರಿ ಅಕ್ಕೋರ?"

ಬಂತು ಮಾರಾಯರೇ, ಬಂತು.

ಹಾಗಂತ ಆ ಅರ್ಜಿ ತಪ್ಪು ಅಂತ ಇವತ್ತೂ ಅನ್ನಲ್ಲ. ನಿಯಮ ಇರದಿದ್ದರೆ ನಮ್ಮ ಗುಡಿಯ ಸುತ್ತ ಈ ಹೊತ್ತಿಗೆ ಮೊಬೈಲ್ ಅಂಗಡಿ, ಚಿಕನ್ ಅಂಗಡಿ, ಎರಡು ಬೋರ್‌ವೆಲ್ ಆಗಿರುತ್ತಿದ್ದವು. ಬಳಪದ ಕಲ್ಲು ಅದು. ಮೆದು ಇದ್ದದ್ದಕ್ಕೇ ಅಷ್ಟು ಸಣ್ಣ ಕೆತ್ತನೆ ಆಯಿತು, ಕಂಬಗಳು ಬುಗುರಿ ತಿರುವಿದ ಹಾಗೆ ದುಂಡಗಾದವು. ಮೆದು ಇರುವುದಕ್ಕೇ ಬಚ್ಚಲು ನೀರು ಬುಡಕ್ಕೆ ನಿಂತರೆ ಹಾಳೂ ಆಗುತ್ತದೆ. ಇದನ್ನು ನಾನೇ ಮಕ್ಕಳಿಗೆ ಹೇಳುತ್ತೇನೆ. ಡಂಬಳದ ದೊಡ್ಡಬಸಪ್ಪ ಗುಡಿಯ 24 ಮೂಲೆಯ ನಕ್ಷತ್ರವನ್ನು ಬೋರ್ಡ್ ಮೇಲೆ ಬರೆಯಲು ನನಗೆ ಅರ್ಧ ಪಿರಿಯಡ್ ಬೇಕು. ಬರೆಯುತ್ತೇನೆ.

ಹೋದ ವರ್ಷ ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ತೋರಿಸಿದೆ. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂಡಿಸಿ ಪಾಠ ಮಾಡಿದೆ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಜನ ಹೇಳುವ ಊರು ಅದು. ಒಬ್ಬ ಹುಡುಗ ಎದ್ದು ಕೇಳಿದ: "ಅಕ್ಕೋರ, ಹಂಗಾದ್ರ ಈ ಊರಾಗಿನವ್ರು ಮನಿ ಎಲ್ಲಿ ಕಟ್ಟಬೇಕ್ರಿ?" ನಾನು ಏನಂದೆ ಗೊತ್ತಾ? "ಪರಂಪರೆ ಉಳೀಬೇಕಂದ್ರ ಸ್ವಲ್ಪ ಹೊಂದ್ಕೋಬೇಕಪ್ಪಾ." ಎಂಥ ಗತ್ತು! ಕೈ ಹಿಂದೆ ಕಟ್ಟಿಕೊಂಡು ಬೇರೆ ನಿಂತಿದ್ದೆ. ಆ ಹುಡುಗ ಸಿಕ್ಕರೆ ಕರೆದು ಕೂಡಿಸಿ ಒಂದು ಕಪ್ ಚಹಾ ಕೊಡಬೇಕು.

ಈಗ ನಮ್ಮೂರಿನ ಕಲ್ಯಾಣ ಮಂಟಪಕ್ಕೆ ಬನ್ನಿ. ಬೇಲಿಯಿಂದ ನೂರು ಮೀಟರ್ ಆಚೆ, ಮೂರು ನೂರರ ಒಳಗೆ. ಅವರ ಹತ್ತಿರ ಎಲ್ಲ ಕಾಗದ ಇದೆ. ಇದೆ ಅಂತ ಅವರೇ ಫ್ರೇಮ್ ಹಾಕಿಸಿ ಇಟ್ಟಿದ್ದಾರೆ. ನಾನು ತಕರಾರು ಮಾಡಲ್ಲ. ಆದರೆ ನೀಲಿ ಗಾಜು, ಸ್ಟೀಲ್ ಕಮಾನು, ಮೇಲೆ ಎರಡು ಫೈಬರ್ ಆನೆ. ಬಂಗಾರದ ಬಣ್ಣದ ಆನೆ. ಗುಡಿಯ ಮುಖಮಂಟಪದಲ್ಲಿ ಕೂತು ಎದುರಿಗೆ ನೋಡಿದರೆ ಮೊದಲು ಕಾಣುವುದು ಆ ಆನೆಗಳ ಹಿಂಭಾಗ. ಅದು ನಿಯಮದ ಪ್ರಕಾರ. ನಮ್ಮ ಮಣ್ಣಿನ ಗೋಡೆ, ಗುಡಿಯ ಬದಿಗೆ ನೂರಾರು ವರ್ಷದಿಂದ ಇರುವ ಮನೆಗಳ ಹಾಗೇ ಇರುವ ಗೋಡೆ, ನಿಯಮಕ್ಕೆ ವಿರುದ್ಧ. ಮೀಟರ್ ಅಳೆಯುತ್ತಾರೆ. ಕಣ್ಣಿಗೆ ಏನು ಕಾಣುತ್ತದೆ ಅಂತ ಯಾರೂ ಅಳೆಯಲ್ಲ.

ಅಳೆಯಬೇಕು ಅಂತ ಕಾಯ್ದೆಯಲ್ಲೇ ಇದೆ. ಅದೇ ನನಗೆ ಹೊಟ್ಟೆ ಉರಿಯುವುದು. ನಿನ್ನೆ ರಾತ್ರಿ ಕೂತು ಫೋನಿನಲ್ಲಿ ಓದಿದೆ. 2010ರ ತಿದ್ದುಪಡಿಯಲ್ಲೇ ಬರೆದಿದ್ದಾರೆ: ಒಂದೊಂದು ಸಂರಕ್ಷಿತ ಸ್ಮಾರಕಕ್ಕೂ ಅದರದೇ ಪಾರಂಪರಿಕ ಉಪವಿಧಿ ಮಾಡಬೇಕು. ಸುತ್ತಲಿನ ಕಟ್ಟಡದ ಎತ್ತರದ ನೋಟ ಹೇಗಿರಬೇಕು, ಮುಂಭಾಗ ಹೇಗಿರಬೇಕು, ಚರಂಡಿ ಹೇಗೆ, ರಸ್ತೆ ಹೇಗೆ ಅಂತ ಅದರಲ್ಲಿ ಇರಬೇಕು. ಅಂದರೆ "ಕಟ್ಟಬೇಡ" ಅನ್ನುವುದರ ಜೊತೆಗೆ "ಕಟ್ಟುವುದಾದರೆ ಹೀಗೆ ಕಟ್ಟು" ಅಂತಲೂ ಹೇಳಬೇಕು. ನಮ್ಮ ಗುಡಿಯದು ಎಲ್ಲಿದೆ ಅಂತ ಇವತ್ತು ಕೇಳಿದೆ. "ಅದೇನ್ರಿ ಅದು?" ಅಂದ. ನಿಜವಾಗಿ ಕೇಳಿದ ಪಾಪ, ಅಣಕ ಇರಲಿಲ್ಲ.

ಹೇಳಿ ನೋಡಲಿ, ನಾನು ಮಾಡುತ್ತೇನೆ. ಸಿಮೆಂಟ್ ಬ್ಲಾಕ್ ಬೇಡ, ಮಣ್ಣಿನದೇ ಕಟ್ಟು ಅನ್ನಲಿ. ಎಂಟು ಅಡಿ ದಾಟಬೇಡ ಅನ್ನಲಿ. ಸುಣ್ಣವೇ ಬಳಿ, ಗುಲಾಬಿ ಪೇಂಟ್ ಬೇಡ ಅನ್ನಲಿ. ಗೌಂಡಿಯನ್ನು ಕರೆದು ಕೇಳಿಯೂ ಆಯಿತು. "ಬ್ಲಾಕ್ ಆದ್ರ ಎರಡು ದಿನದಾಗ ಏರಿಸ್ತೀನಿ. ಮಣ್ಣಿಂದು ಆದ್ರ ನಮ್ಮಪ್ಪ ಬರಬೇಕು" ಅಂದ. ಅವನ ಅಪ್ಪನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಆದರೂ ಅಜ್ಜ ಬಂದರು. ಬಿದ್ದ ಗೋಡೆಯ ಒಂದು ಹೆಂಟೆ ಎತ್ತಿಕೊಂಡು ಬೆರಳಲ್ಲಿ ಪುಡಿ ಮಾಡಿ, ಮೂಸಿ ನೋಡಿದರು. "ಮಣ್ಣು ಚೊಲೋ ಐತವ್ವಾ. ಇದನ್ನ ಮತ್ತ ಕಲಸಬಹುದು. ಹೊರಗಿಂದ ತರೂದ ಬ್ಯಾಡ" ಅಂದರು. ಬಿದ್ದ ಮಣ್ಣಿನಿಂದಲೇ ಅದೇ ಗೋಡೆ ಅದೇ ಜಾಗಕ್ಕೆ ಅದೇ ಎತ್ತರಕ್ಕೆ. ಕೂಲಿ ಬಿಟ್ಟರೆ ಬೇರೆ ಖರ್ಚಿಲ್ಲ. ಆದರೆ ಅದರ ಹೆಸರು ಮರುನಿರ್ಮಾಣ!

ಸಮಯದ ಲೆಕ್ಕವೂ ಕಾಯ್ದೆಯಲ್ಲೇ ಇದೆ. ಅರ್ಜಿ ಬಂದ 15 ದಿನದಲ್ಲಿ ಮೇಲಿನ ಪ್ರಾಧಿಕಾರಕ್ಕೆ ಕಳಿಸಬೇಕು. ಅವರು ಎರಡು ತಿಂಗಳಲ್ಲಿ ಅಭಿಪ್ರಾಯ ಹೇಳಬೇಕು. ಅದಾದ ಒಂದು ತಿಂಗಳಲ್ಲಿ ಹೂಂ ಅಥವಾ ಉಹೂಂ. ಓದಲು ಎಷ್ಟು ಚಂದ. ಆದರೆ ಈ ದಿನಗಳು ಎಣಿಕೆಗೆ ಬರುವುದು ಅರ್ಜಿ ಒಳಗೆ ಹೋದ ಮೇಲೆ. ನನ್ನದು ಜೂನ್‌ನಿಂದ ಕಿಟಕಿಯ ಈಚೆಯೇ ಇದೆ. ಬರುವಾಗ ಕೊನೆಗೆ ಇನ್ನೊಂದು ಮಾತು ಅಂದ: "ಇದೆಲ್ಲಾ ಆನ್‌ಲೈನ್ ಐತ್ರಿ ಅಕ್ಕೋರ, ಇಲ್ಲಿ ಬರೂದ ಬೇಕಿರಲಿಲ್ಲ."

ನಾಲ್ಕನೇ ಸಲ ಹೋದಾಗ ಹೇಳಿದ್ದು ಇದನ್ನು. ನಾಲ್ಕನೇ ಸಲ.

ಹೋಗಲಿ ಬಿಡಿ. ಅವನದೂ ತಪ್ಪಿಲ್ಲ ಅನಿಸುತ್ತದೆ. ಸಂಬಳಕ್ಕೆ ಕೂತವನು, ಮುಂದೆ ಒಂದು ಪಟ್ಟಿ, ಪಟ್ಟಿಯಲ್ಲಿ ಎರಡು ಶಬ್ದ. ಗೋಡೆ ಎರಡರಲ್ಲಿ ಒಂದಕ್ಕೆ ಬೀಳಬೇಕು. ಇಲ್ಲ, ಬಿಡಲ್ಲ. ಅವನದು ತಪ್ಪೇ. ಫೋಟೋ ಮೇಲೆತ್ತುವ ಅಗತ್ಯ ಏನಿತ್ತು?

ಮನೆಗೆ ಬಂದಾಗ ಅತ್ತೆ ಕೇಳಿದರು, "ಏನಂದ್ರವಾ?" "ನೋಡ್ತೀವಿ ಅಂದಾರ್ರಿ" ಅಂದೆ. ಫೋಟೋ ಕೇಳಿದರು. ಚಹಾದ ಕಲೆ ಇರುವ ಮೂಲೆಗೆ ಹೆಬ್ಬೆಟ್ಟು ಒತ್ತಿ ಹಿಡಿದು ತೋರಿಸಿದೆ. ಅವರು ಗೋಡೆ ನೋಡಲಿಲ್ಲ. ಮಾವನವರ ಮುಖದ ಮೇಲೆ ಬೆರಳಾಡಿಸಿ ವಾಪಸ್ ಕೊಟ್ಟರು. ಆಮೇಲೆ ಅಡಿಗೆಮನೆಯಿಂದ ಕೂಗಿ, "ಏ ತಂಗೀ, ಗೋಡಿ ಬಿದ್ದ ಮ್ಯಾಲೆ ಇಲ್ಲಿಂದ ಗುಡಿ ಶಿಖರ ಹೆಂಗ ಚಂದ ಕಾಣ್ತದ ನೋಡು" ಅಂದರು. ನನಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಇವತ್ತಿನ ನಗುವಿನ ಕೋಟಾ ಮುಗಿದಿತ್ತು, ಸುಮ್ನೆ ರೊಟ್ಟಿ ಬಡಿದೆ.

ಈಗ ಒಂದೇ ಪ್ರಶ್ನೆ. ತಿಳಿದವರು, ವಕೀಲರು, ಇಲಾಖೆಯವರು, ಯಾರಾದರೂ ಉತ್ತರ ಕೊಡಿ. ಈ ತಾಡಪತ್ರಿ ಗಾಳಿಗೆ ನಿಲ್ಲುತ್ತಿಲ್ಲ. ನಾಲ್ಕು ಗೂಟ ಹುಗಿದು ಹಗ್ಗ ಬಿಗಿಯಬೇಕು. ಒಂದೊಂದಕ್ಕೆ ಒಂದೂವರೆ ಅಡಿ ಕುಣಿ ಬೇಕು. ಬೇಲಿಯಿಂದ 91 ಮೀಟರಿನಲ್ಲಿ ಗೂಟ ಹುಗಿಯುವುದು ರಿಪೇರಿನಾ, ಮರುನಿರ್ಮಾಣನಾ, ಹೊಸ ನಿರ್ಮಾಣನಾ? ಬೇಗ ಹೇಳಿ. ಬೆಳಗ್ಗೆ ಆರಕ್ಕೆ ಹಾರೆ ಹಿಡಿಯುತ್ತೇನೆ, ಎಂಟೂವರೆಗೆ ಶಾಲೆ.