ನಿಜವಾದ ರಣರಂಗ ಆಟದ ಮ್ಯಾಪ್ ಆಗಬಹುದೇ? ಪರ-ವಿರೋಧ

ಪರ: ಆ ಊರುಗಳ ಹೆಸರು ಇರಲೇಬೇಕು

ಬ್ಯಾಟಲ್‌ಫೀಲ್ಡ್ 1 ಅನ್ನುವ ಮೊದಲ ಮಹಾಯುದ್ಧದ ಶೂಟಿಂಗ್ ವಿಡಿಯೋ ಆಟದಲ್ಲಿ ಫಾವೊ ಫೋರ್ಟ್ರೆಸ್ ಅಂತ ಒಂದು ಮ್ಯಾಪ್ ಇದೆ, ಅಂದರೆ ಎರಡು ತಂಡ ಕಾದಾಡುವ ಜಾಗ. ಕೆಳಗೆ ಸಮುದ್ರ, ಮೇಲೆ ಹಳೆಯ ಕೋಟೆ, ನಡುವೆ ಮರಳು. ಒಂದು ಕಡೆ ಬ್ರಿಟಿಷ್ ಸೇನೆ, ಇನ್ನೊಂದು ಕಡೆ ಒಟ್ಟೋಮನ್ ತುರ್ಕರು. 2016ರಲ್ಲಿ ಆಟ ಬಂದಾಗ ನಾವು ಹಾಸ್ಟೆಲ್ ಗೆಳೆಯರು ರಾತ್ರಿಯೆಲ್ಲ ಇದರಲ್ಲೇ ಇರುತ್ತಿದ್ದೆವು. ಈ ಫಾವೊ ಎಲ್ಲಿದೆ ಅಂತ ಒಬ್ಬ ಕೇಳಿದ. ಹುಡುಕಿದೆವು. ಇರಾಕಿನ ದಕ್ಷಿಣ ತುದಿ, ಶತ್ ಅಲ್ ಅರಬ್ ನದಿ ಸಮುದ್ರ ಸೇರುವ ಜಾಗ. 1914ರ ನವೆಂಬರ್ 6ರಂದು ಅಲ್ಲಿ ಬಂದಿಳಿದಿದ್ದು ಯಾರ ಸೇನೆ ಗೊತ್ತಾ? ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್ ಡಿ, ಅಂದರೆ ಬ್ರಿಟಿಷರು ಭಾರತದಿಂದ ಕಳಿಸಿದ ಪಡೆ. ಪೂನಾ ಡಿವಿಷನ್ನಿನ ಒಂದು ಬ್ರಿಗೇಡ್. ಆ ಬ್ರಿಗೇಡ್‌ನಲ್ಲಿ 117ನೇ ಮರಾಠಾ ಪಲ್ಟನ್ ಇತ್ತು, ಅಂದರೆ ಇವತ್ತು ನಮ್ಮ ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಿಂದಿನ ತಲೆಮಾರು. ಅದೇ ಪೂನಾ ಡಿವಿಷನ್ ಮುಂದೆ ಇರಾಕಿನ ಕೂಟ್ ಪಟ್ಟಣದಲ್ಲಿ ಸುಮಾರು ಐದು ತಿಂಗಳು ಮುತ್ತಿಗೆಗೆ ಸಿಕ್ಕಿ, ಹಸಿದು, 1916ರ ಏಪ್ರಿಲ್ 29ರಂದು ಶರಣಾಯಿತು.

ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಶಾಲೆಯಲ್ಲಿ ಮೊದಲ ಮಹಾಯುದ್ಧ ಎಂದರೆ ಕಾರಣಗಳು, ಪರಿಣಾಮಗಳು, ಐದು ಅಂಕದ ಪ್ರಶ್ನೆ, ಅಷ್ಟೇ. ಆ ಮ್ಯಾಪ್‌ಗೆ ಸುಮ್ನೆ 'ಮರುಭೂಮಿ ಕೋಟೆ' ಅಂತ ಹೆಸರಿಟ್ಟಿದ್ದರೆ ನಾವು ಹುಡುಕುತ್ತಿದ್ದೆವಾ? ಖಂಡಿತ ಇಲ್ಲ. ಆಡಿ, ಗೆದ್ದು, ಸೋತು, ಮಲಗುತ್ತಿದ್ದೆವು. ನಿಜವಾದ ಹೆಸರು ಇದ್ದಿದ್ದರಿಂದಲೇ ಒಂದು ಪ್ರಶ್ನೆ ಹುಟ್ಟಿತು. ನನ್ನ ವಾದ ಇಷ್ಟೇ, ಇದನ್ನೇ ಎಷ್ಟು ಸಲ ಬೇಕಾದರೂ ಹೇಳುತ್ತೇನೆ: ಹೆಸರು ತೆಗೆದರೆ ಆ ಪ್ರಶ್ನೆಯೂ ಹೋಗುತ್ತದೆ.

ಅದೇ ಆಟದ ಸೂಯೆಜ್ ಮ್ಯಾಪ್ ನೋಡಿ. ಆ ಕಾಲುವೆಯ ಕಾವಲಿಗೆ ಹೋದವರಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಅಲ್ಲಿಂದ ಮುಂದೆ ಹೋಗಿ 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆ ಇಂದಿನ ಇಸ್ರೇಲಿನ ಹೈಫಾ ಗೆದ್ದರು. ಮೆಷಿನ್ ಗನ್‌ಗಳ ಎದುರು ಕುದುರೆ ಮೇಲೆ, ಕೈಯಲ್ಲಿ ಭರ್ಜಿ ಹಿಡಿದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಆ ಸ್ಮಾರಕದ ಪಕ್ಕದಲ್ಲೇ ದಿನಾ ಓಡಾಡುವವರಲ್ಲಿ ಎಷ್ಟು ಜನರಿಗೆ ಅದು ಏನೆಂದು ಗೊತ್ತು ಹೇಳಿ. ಕಲ್ಲು ನಿಲ್ಲಿಸಿದರೆ ಜನ ಓದುತ್ತಾರೆ ಅನ್ನುವ ಕಾಲ ಹೋಯಿತು. ಈಗಿನ ಹುಡುಗರು ಎಲ್ಲಿ ಸಮಯ ಕಳೆಯುತ್ತಾರೋ ಅಲ್ಲಿಗೆ ಚರಿತ್ರೆ ಹೋಗಬೇಕು.

ಇನ್ನು ಹೆಲ್ ಲೆಟ್ ಲೂಸ್ ಅನ್ನುವ ಎರಡನೇ ಮಹಾಯುದ್ಧದ ಆಟ. 50 ಜನ ಇತ್ತ, 50 ಜನ ಅತ್ತ. ಹಳೆಯ ವಿಮಾನ ಫೋಟೋಗಳನ್ನೂ ಉಪಗ್ರಹ ಚಿತ್ರಗಳನ್ನೂ ಇಟ್ಟುಕೊಂಡು ಫ್ರಾನ್ಸಿನ ನಾರ್ಮಂಡಿಯ ಹೊಲ, ರಸ್ತೆ, ಚರ್ಚುಗಳನ್ನು ಅದರಲ್ಲಿ ಕಟ್ಟಿದ್ದಾರೆ. ಕ್ಯಾರೆಂಟನ್, ಒಮಾಹಾ ಬೀಚ್, ಜೊತೆಗೆ ಬೆಲ್ಜಿಯಂನ ಫಾಯ್. ನಾರ್ಮಂಡಿಯ ಬೇಲಿ ಎಂದರೆ ನಮ್ಮ ಮುಳ್ಳುಬೇಲಿ ತರ ಇರೋದಿಲ್ಲ, ಮಣ್ಣಿನ ಏರಿ, ಅದರ ಮೇಲೆ ದಟ್ಟ ಗಿಡ, ಆಚೆ ಏನಿದೆ ಅಂತ ಕಾಣೋದೇ ಇಲ್ಲ. 1944ರಲ್ಲಿ ಅಷ್ಟು ಟ್ಯಾಂಕ್ ಇಟ್ಟುಕೊಂಡೂ ಅಮೆರಿಕನ್ನರು ಒಂದೊಂದು ಹೊಲ ದಾಟಲು ಯಾಕೆ ಒದ್ದಾಡಿದರು ಅಂತ ಅಲ್ಲಿ ತೆವಳಿದವನಿಗೆ ಯಾರೂ ವಿವರಿಸಬೇಕಿಲ್ಲ. ಒಂದೇ ಗುಂಡಿಗೆ ಆಟ ಮುಗಿಯುತ್ತದೆ, ಗುಂಡು ಎಲ್ಲಿಂದ ಬಂತು ಅಂತಲೂ ಗೊತ್ತಾಗೋದಿಲ್ಲ. ಎಷ್ಟೋ ನಿಮಿಷ ನಡೆದು ಬಂದವನು ಒಂದು ಕ್ಷಣದಲ್ಲಿ ಬಿದ್ದು, ಮತ್ತೆ ಮೊದಲಿಂದ ನಡೆಯಬೇಕು. ಇದನ್ನು ಮೋಜು ಅಂತ ಕರೆಯುವವರು ಒಮ್ಮೆ ಆಡಿ ನೋಡಲಿ.

ವಿರೋಧಿಗಳು ಏನು ಹೇಳುತ್ತಾರೆ ಅಂತ ಗೊತ್ತು. ಹುಡುಗರು ಹಾಳಾಗುತ್ತಾರೆ, ಬಂದೂಕಿನ ಹುಚ್ಚು ಹಿಡಿಯುತ್ತದೆ. ನನ್ನ ಹಾಸ್ಟೆಲ್ ಗೆಳೆಯರಲ್ಲಿ ಒಬ್ಬ ಈಗ ಮಕ್ಕಳ ಡಾಕ್ಟರ್, ಇನ್ನೊಬ್ಬ ಹಾವೇರಿಯಲ್ಲಿ ಮೇಷ್ಟ್ರು. ಆಟದಲ್ಲಿ ಸತ್ತವನು ಹತ್ತು ಸೆಕೆಂಡಿಗೆ ಎದ್ದು ಬರುತ್ತಾನೆ, ಇದು ಸತ್ತವರಿಗೆ ಅವಮಾನ ಅಂತಲೂ ಹೇಳುತ್ತಾರೆ. ನಮ್ಮ ಕರಾವಳಿಯಲ್ಲಿ ಅಭಿಮನ್ಯು ಕಾಳಗ ಎಷ್ಟು ರಾತ್ರಿ ಆಗಿದೆ? ಪ್ರತಿ ರಾತ್ರಿ ಅಭಿಮನ್ಯು ಚಕ್ರವ್ಯೂಹದಲ್ಲಿ ಸಾಯುತ್ತಾನೆ, ಮರುದಿನ ಇನ್ನೊಂದು ಊರಲ್ಲಿ ಮತ್ತೆ ಗೆಜ್ಜೆ ಕಟ್ಟುತ್ತಾನೆ. ಅದರಿಂದ ಅಭಿಮನ್ಯುವಿಗೆ ಅವಮಾನ ಆಯಿತು ಅಂತ ಯಾರೂ ಹೇಳಿಲ್ಲ. ಮತ್ತೆ ಮತ್ತೆ ಸತ್ತಿದ್ದರಿಂದಲೇ ಅವನು ಪ್ರತಿ ಮನೆಯ ಮಗ ಆದ.

2018ರ ನವೆಂಬರ್ 11ಕ್ಕೆ ಮೊದಲ ಮಹಾಯುದ್ಧ ಮುಗಿದು ಸರಿಯಾಗಿ ನೂರು ವರ್ಷ. ಆವತ್ತು ಬ್ಯಾಟಲ್‌ಫೀಲ್ಡ್ 1ರ ಒಂದು ಪಂದ್ಯದಲ್ಲಿ ಎರಡೂ ತಂಡದ ಆಟಗಾರರು ಗುಂಡು ನಿಲ್ಲಿಸಿ ಒಟ್ಟಿಗೆ ನಿಂತರು. ಯಾರೂ ಆದೇಶ ಕೊಟ್ಟಿರಲಿಲ್ಲ. ಸುಳ್ಳು ಹೆಸರಿನ ಮ್ಯಾಪ್‌ನಲ್ಲಿ ಇದು ಆಗಲು ಸಾಧ್ಯವೇ ಇರಲಿಲ್ಲ.

ನನ್ನ ತಕರಾರು ಇಂಥ ಮ್ಯಾಪ್‌ಗಳು ಸಾಲದು ಅನ್ನುವುದು. ನಾನು ಆಡಿದ ಯಾವ ದೊಡ್ಡ ಆಟದಲ್ಲೂ ಹೈಫಾ ಇಲ್ಲ, ಕೊಹಿಮಾ ಇಲ್ಲ. 1944ರಲ್ಲಿ ನಾಗಾಲ್ಯಾಂಡಿನ ಕೊಹಿಮಾದ ಡೆಪ್ಯುಟಿ ಕಮಿಷನರ್ ಬಂಗಲೆಯ ಬಳಿ ಜಪಾನಿಯರಿಗೂ ಬ್ರಿಟಿಷ್-ಭಾರತೀಯ ಸೇನೆಗೂ ನಡುವೆ ಇದ್ದದ್ದು ಒಂದು ಟೆನಿಸ್ ಕೋರ್ಟಿನಷ್ಟು ಜಾಗ. ಒಮಾಹಾ ಬೀಚನ್ನು ಮತ್ತೆ ಮತ್ತೆ ಕಟ್ಟುವವರು ಇದನ್ನೂ ಕಟ್ಟಲಿ. ಅವರು ಕಟ್ಟದಿದ್ದರೆ ಬೆಂಗಳೂರಿನಲ್ಲಿ ಆಟ ಮಾಡುವವರು ಇದ್ದಾರೆ, ಅವರು ಕಟ್ಟಲಿ.

ವಿರೋಧ: ವರ್ಡನ್ ಆಡುವ ಜಾಗ ಅಲ್ಲ

ನಾನು ಈ ಆಟ ಆಡುವವಳಲ್ಲ. ವಿರೋಧದ ಕಡೆ ಬರೆದು ಕೊಡಿ ಎಂದು ಕೇಳಿದ್ದಕ್ಕೆ ಒಪ್ಪಿಕೊಂಡೆ. ಶೂಟಿಂಗ್ ಆಟಗಳೇ ಬೇಡ ಅನ್ನುವಷ್ಟು ವಿರೋಧ ನನಗಿಲ್ಲ. ಕಲ್ಪನೆಯ ಊರು ಕಟ್ಟಿಕೊಂಡು ಎಷ್ಟು ಬೇಕಾದರೂ ಆಡಲಿ. ಜನ ಸತ್ತ ಜಾಗವನ್ನೇ ಅದೇ ಹೆಸರಿನಲ್ಲಿ ಯಾಕೆ ತರಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ.

ಚರಿತ್ರೆ ಕಲಿಯುತ್ತಾರೆ ಅನ್ನುತ್ತಾರೆ. ಬಂದೂಕು ಹಿಡಿದರೇನೇ ಚರಿತ್ರೆ ಬರುವುದಾದರೆ ಶಾಲೆಗಳನ್ನೆಲ್ಲ ಮುಚ್ಚಿಬಿಡಬೇಕಾಗುತ್ತದೆ. ಆಟ ಎಂದಮೇಲೆ ಎರಡೂ ತಂಡಕ್ಕೆ ಗೆಲ್ಲುವ ಅವಕಾಶ ಇರಬೇಕು, ಅಲ್ವಾ? 1916ರ ಜುಲೈ 1ರಂದು ಫ್ರಾನ್ಸಿನ ಸೊಮ್‌ನಲ್ಲಿ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು. ಅದನ್ನು ಸಮಬಲದ ಪಂದ್ಯ ಮಾಡಿದರೆ ಉಳಿಯುವುದು ಹೆಸರು ಮಾತ್ರ.

ಕೆಲವು ವರ್ಷ ನಾವು ಜರ್ಮನಿಯಲ್ಲಿದ್ದೆವು. ಒಂದು ರಜೆಯಲ್ಲಿ ಗಡಿ ದಾಟಿ ಮೊದಲ ಮಹಾಯುದ್ಧದ ರಣರಂಗವಾಗಿದ್ದ ಫ್ರಾನ್ಸಿನ ವರ್ಡನ್‌ಗೆ ಹೋದೆವು. ಮಗನೇ ಹಠ ಮಾಡಿದ್ದು. ಅವನ ಆಟದಲ್ಲಿ ವರ್ಡನ್ ಇತ್ತು, ಅಲ್ಲಿನ ಫೋರ್ಟ್ ವೋ ಅನ್ನುವ ಕೋಟೆಯೂ ಇತ್ತು. ಕೋಟೆಯೊಳಗೆ ಹೋದ ಕೂಡಲೇ ಅವನು ಖುಷಿಯಿಂದ ನನ್ನ ಕೈ ಹಿಡಿದು ಎಳೆದ. ಅಮ್ಮ, ಈ ಮೂಲೆಯಲ್ಲಿ ನಿಂತರೆ ಯಾರು ಬಂದರೂ ಹೊಡೀಬಹುದು. ಹಿಂದೆ ಒಂದು ವಯಸ್ಸಾದ ಫ್ರೆಂಚ್ ಜೋಡಿ ಬರುತ್ತಿತ್ತು. ಅವರಿಗೆ ಕನ್ನಡ ಬರೋದಿಲ್ಲ, ಆದರೆ ಅವನು ಕೈಯಲ್ಲಿ ಬಂದೂಕು ಹಿಡಿದ ಹಾಗೆ ಮಾಡಿದ್ದು ಅವರಿಗೆ ಅರ್ಥ ಆಯಿತು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಆ ಕೋಟೆ ಬಿದ್ದದ್ದು 1916ರ ಜೂನ್ 7ರಂದು. ಒಳಗಿದ್ದ ಫ್ರೆಂಚರು ಕತ್ತಲೆ ಸುರಂಗದಲ್ಲಿ ದಿನಗಟ್ಟಲೆ ಹೋರಾಡಿದರು. ಅವರ ನಾಯಕ ಮೇಜರ್ ರೆನಾಲ್ ತನ್ನ ಬಳಿ ಉಳಿದಿದ್ದ ಕೊನೆಯ ಪಾರಿವಾಳವನ್ನು ಸಹಾಯ ಕೇಳಿ ಕಳಿಸಿದ. ಕೊನೆಗೆ ಅವರನ್ನು ಸೋಲಿಸಿದ್ದು ಬಾಯಾರಿಕೆ. ನೀರಿನ ತೊಟ್ಟಿ ಬರಿದಾಗಿತ್ತು, ಗೋಡೆಯ ತೇವವನ್ನು ನೆಕ್ಕುವ ಸ್ಥಿತಿ ಬಂದಿತ್ತು. ನಿನ್ನ ಆಟದಲ್ಲಿ ಬಾಯಾರಿಕೆ ಆಗುತ್ತಾ ಎಂದು ಮಗನನ್ನು ಕೇಳಿದೆ. ಇಲ್ಲ ಅಂದ.

ಅಲ್ಲಿಂದ ದುವೋಮೋಂ ಸ್ಮಾರಕಕ್ಕೆ ಹೋದೆವು. ಆ ಕಟ್ಟಡದ ಬುಡದಲ್ಲಿ ಸಣ್ಣ ಸಣ್ಣ ಕಿಟಕಿಗಳಿವೆ. ಬಗ್ಗಿ ನೋಡಿದರೆ ಒಳಗೆ ಮೂಳೆಗಳು, ರಾಶಿ ರಾಶಿ. ಕನಿಷ್ಠ 1,30,000 ಸೈನಿಕರದು, ಯಾರ ಹೆಸರೂ ಗೊತ್ತಿಲ್ಲ, ಫ್ರೆಂಚರು ಯಾರು ಜರ್ಮನ್ನರು ಯಾರು ಅಂತಲೂ ಬೇರೆ ಮಾಡಲಾಗಿಲ್ಲ. ಹತ್ತಿರದಲ್ಲೇ ಫ್ಲೂರಿ ಅನ್ನುವ ಊರಿತ್ತು. ಈಗ ಊರಿಲ್ಲ. ಬೇಕರಿ ಇಲ್ಲಿತ್ತು, ಶಾಲೆ ಇಲ್ಲಿತ್ತು ಅಂತ ಗುರುತು ಹಾಕಿದ್ದಾರೆ. ಒಬ್ಬ ನಿವಾಸಿಯೂ ಇಲ್ಲದ ಆ ಊರಿಗೆ ಇವತ್ತಿಗೂ ಮೇಯರ್ ಇದ್ದಾರೆ, ಏಕೆಂದರೆ ಊರು ಸತ್ತಿತು ಅಂತ ಕಾಗದದಲ್ಲಿ ಬರೆಯಲು ಅವರಿಗೆ ಮನಸ್ಸಿಲ್ಲ. ಮಗ ಆವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಆಟ ಬಿಟ್ಟನಾ ಎಂದರೆ ಬಿಡಲಿಲ್ಲ. ಆ ಒಂದು ಮ್ಯಾಪ್ ಬಂದಾಗ ಹೊರಗೆ ಬರುತ್ತೇನೆ ಅಂದ, ಅಷ್ಟು ಸಾಕು ಅನ್ನಿಸಿತು ನನಗೆ.

ಹೆಸರಿನ ತೂಕ ಕಂಪನಿಗಳಿಗೂ ಗೊತ್ತಿದೆ. 2010ರಲ್ಲಿ ಮೆಡಲ್ ಆಫ್ ಆನರ್ ಆಟದಲ್ಲಿ ಒಂದು ತಂಡಕ್ಕೆ ತಾಲಿಬಾನ್ ಅಂತ ಹೆಸರಿಟ್ಟಿದ್ದರು. ಅಫ್ಘಾನಿಸ್ತಾನ ಯುದ್ಧದಲ್ಲಿ ಸತ್ತ ಸೈನಿಕರ ಮನೆಯವರು ನೊಂದುಕೊಂಡ ಮೇಲೆ ಆ ಹೆಸರು ತೆಗೆದು 'ಎದುರಾಳಿ ಪಡೆ' ಅಂದರು. ಆಟ ಅದೇ, ಬಂದೂಕು ಅದೇ. ಹಾಗಾದರೆ ಹೆಸರಿಲ್ಲದೆಯೂ ಆಡಬಹುದು ಅಂತಾಯಿತಲ್ಲ.

ನೂರು ವರ್ಷ ಹಿಂದಿನದು ಪರವಾಗಿಲ್ಲ ಅನ್ನುವವರಿಗೆ ನಮ್ಮದೇ ಉದಾಹರಣೆ ಕೊಡುತ್ತೇನೆ. 2020ರ ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಸತ್ತರು. 2021ರ ಜನವರಿ 26ಕ್ಕೆ ಅದೇ ಕಣಿವೆಯ ಕಥೆ ಇಟ್ಟುಕೊಂಡು ಬೆಂಗಳೂರಿನ ಕಂಪನಿಯ ಫೌ-ಜಿ ಆಟ ಬಂತು. ಏಳೂವರೆ ತಿಂಗಳೂ ಆಗಿರಲಿಲ್ಲ. ಆಗ ಅದು ಒಬ್ಬರೇ ಆಡುವ ಕಥೆ ಆಗಿತ್ತು, ಆಡುವವರೆಲ್ಲ ನಮ್ಮ ಯೋಧರೇ. ನಾಳೆ ಆ ನದಿ ದಂಡೆಯನ್ನು ಎರಡು ತಂಡ ಆಡುವ ಮ್ಯಾಪ್ ಮಾಡಿದರೆ ಎದುರಿನ ತಂಡಕ್ಕೂ ನಮ್ಮ ಹುಡುಗರೇ ಸೇರಬೇಕು. ಅಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಇದನ್ನು ಹೇಗೆ ವಿವರಿಸುತ್ತೀರಿ?