ಡಂಗುರ ಸಾರಿಕೊಂಡು ಬೇಟೆ

ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆನ್‌ಲೈನ್ ಆಟದಲ್ಲಿ ಬೇರೆ ಆಟಗಾರರ ಹಡಗು ಬೇಟೆಗೆ ಹೊರಟವನ ಪಾಡು ಯಾರಿಗೂ ಬೇಡ. ನಿನ್ನೆ ರಾತ್ರಿ ಊಟ ಮುಗಿಸಿ ಕುಳಿತವನು ಹನ್ನೊಂದು ಸೌರವ್ಯೂಹ ದಾಟಿದೆ. ಯಾರು ಯಾರನ್ನು ಹೊಡೆದರೂ ಕೇಳುವವರಿಲ್ಲದ ಸೊನ್ನೆ ಭದ್ರತೆಯ ವಲಯ. ಆದರೆ ಹೊಡೆಯಲು ಯಾರಾದರೂ ಸಿಗಬೇಕಲ್ಲ! ಒಂದು ಸೌರವ್ಯೂಹದಿಂದ ಇನ್ನೊಂದಕ್ಕೆ ಹೋಗುವ ದ್ವಾರ ದಾಟಿದ ಮೇಲೆ ಹಡಗೇನೋ ಒಂದು ನಿಮಿಷ ಅದೃಶ್ಯವಾಗಿರುತ್ತದೆ, ನನ್ನ ಹೆಸರು ಮಾತ್ರ ಭಾವಚಿತ್ರ ಸಮೇತ ಆ ಸೌರವ್ಯೂಹದಲ್ಲಿರುವ ಎಲ್ಲರಿಗೂ ಕಾಣುವ ‘ಲೋಕಲ್’ ಎಂಬ ಹರಟೆಕಟ್ಟೆಯ ಪಟ್ಟಿಯಲ್ಲಿ ತಕ್ಷಣ ಮೂಡುತ್ತದೆ. ಡಂಗುರ ಸಾರಿಕೊಂಡು ಕಳ್ಳತನಕ್ಕೆ ಹೋದ ಹಾಗೆ.

ಸುತ್ತಲಿನ ಹಡಗುಗಳನ್ನು ಹುಡುಕುವ ಡಿ-ಸ್ಕ್ಯಾನ್ ನೋಡುವುದು 14.3 ಖಗೋಳಮಾನದಷ್ಟು, ಅಂದರೆ ಭೂಮಿ-ಸೂರ್ಯರ ಅಂತರದ 14.3 ಪಟ್ಟು ದೂರ. ಕೋನವನ್ನು 360ರಿಂದ 60ಕ್ಕೆ, 30ಕ್ಕೆ, 5ಕ್ಕೆ ಇಳಿಸುತ್ತಾ ಬೆರಳು ನೋಯುವವರೆಗೆ ಗುಂಡಿ ಒತ್ತಿದೆ. ಅಂತೂ ಕ್ಷುದ್ರಗ್ರಹಗಳ ನಡುವೆ ಒಂದು ಗಣಿ ಹಡಗು! ಉಸಿರು ಬಿಗಿಹಿಡಿದು ವಾರ್ಪ್ ಮಾಡಿದೆ, ಅಂದರೆ ಅತಿವೇಗದಲ್ಲಿ ಅಲ್ಲಿಗೆ ಹಾರಿದೆ. ಇಳಿದರೆ ಹಡಗಿಲ್ಲ. ಅವಸರದಲ್ಲಿ ಬಿಟ್ಟು ಓಡಿದ ಐದು ಡ್ರೋನ್‌ಗಳು ಅನಾಥವಾಗಿ ತೇಲುತ್ತಿದ್ದವು. ಮಹಾನುಭಾವ ಆಗಲೇ ನಿಲ್ದಾಣ ಸೇರಿ, ಲೋಕಲ್‌ನಲ್ಲಿ ನನಗೊಂದು ಸೆಲ್ಯೂಟ್ ಬೇರೆ ಹೊಡೆದಿದ್ದ.

ಓಡದೆ ನಿಂತವರನ್ನಂತೂ ನಂಬುವ ಹಾಗೇ ಇಲ್ಲ. ಹೋದ ವಾರ ಹಾಗೊಬ್ಬ ನಿಂತಿದ್ದ; ಹಿಂದೆಯೇ ಅವನ ಗೆಳೆಯರು ಎಂಟು ಜನ ಬಂದಿಳಿದರು.

ಕೊನೆಗೆ ಸಿಟ್ಟಿನಿಂದ ಆ ಡ್ರೋನ್‌ಗಳನ್ನೇ ಒಂದೊಂದಾಗಿ ಹೊಡೆದು ಹಾಕಿ ಮಲಗಿದೆ.