ಜೂಮ್ ಎಷ್ಟು ಅಂತ ಕೇಳಬೇಡಿ, ಹಕ್ಕಿ ಎಲ್ಲಿ ಕೂರುತ್ತದೆ ಹೇಳಿ

ಮೊನ್ನೆ ಬೆಂಗಳೂರಿಂದ ಅಳಿಯನ ಫೋನು. "ಮಾವಾ, 125 ಪಟ್ಟು ಜೂಮ್ ಇರುವ ಕ್ಯಾಮೆರಾ ಉಂಟಂತೆ. ಚಂದ್ರನ ಮೇಲಿನ ಗುಂಡಿಗಳೆಲ್ಲ ಕಾಣ್ತದೆ. ಅದನ್ನೇ ತಗೊಳ್ಳಲಾ?"

"ಚಂದ್ರ ನಮ್ಮ ತೋಟಕ್ಕೆ ಬಂದು ಕೂರುವುದಿಲ್ಲ ಮಾರಾಯ" ಅಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ಅರ್ಧ ಗಂಟೆ ಮಾತಾಡಿದೆವು. ಮಳೆ ಶುರುವಾದ ಮೇಲೆ ನಮ್ಮ ಕಾಸರಗೋಡಿನ ಪೆರ್ಲ, ಕುಂಬಳೆ ಕಡೆಯ ಮೂರು ನಾಲ್ಕು ಮಂದಿಯೂ ಹಕ್ಕಿಯ ಚಿತ್ರ ತೆಗೆಯಲು ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳಿದ್ದಾರೆ. ಹಾಗಾಗಿ ಇಲ್ಲೇ ಬರೆದುಬಿಡುತ್ತೇನೆ.

ನಾನು ಬ್ರಿಡ್ಜ್ ಕ್ಯಾಮೆರಾದ, ಅಂದರೆ ಉದ್ದ ಜೂಮಿನ ಲೆನ್ಸ್ ಬಾಡಿಗೇ ಅಂಟಿಕೊಂಡಿರುವ ಕ್ಯಾಮೆರಾದ ಪಕ್ಷದವನು. ಡಿಎಸ್‌ಎಲ್‌ಆರ್ ಇಟ್ಟುಕೊಂಡವರು ನಗುತ್ತಾರೆ, ನಗಲಿ. ಅವರ 150-600 ಲೆನ್ಸ್ ಒಂದೇ ಸುಮಾರು ಎರಡು ಕಿಲೋ ತೂಗುತ್ತದೆ, ಬಾಡಿ ಬೇರೆ. ಅದನ್ನು ಹೊತ್ತು ಗುಡ್ಡೆ ಹತ್ತಿ, ಕಟ್ಟಪುಣಿಯಲ್ಲಿ ನಡೆದು, ಪಾಚಿ ಹಿಡಿದ ಅಡಿಕೆಮರದ ಸಂಕ ದಾಟುವ ವಯಸ್ಸು ನನ್ನದಲ್ಲ. ನನ್ನ ನಿಕಾನ್ ಪಿ950 ಒಂದು ಕಿಲೋ. ಕುತ್ತಿಗೆಯಲ್ಲಿ ನೇತುಹಾಕಿಕೊಂಡೇ ತೋಟಕ್ಕೆ ನೀರು ಬಿಟ್ಟು ಬರಬಹುದು. ಅದೂ ಭಾರ ಅನಿಸಿದರೆ ಕ್ಯಾನನ್ ಎಸ್‌ಎಕ್ಸ್70 ಇದೆ, 610 ಗ್ರಾಂ ಅಷ್ಟೇ.

ಆದರೆ ಈ ಜೂಮ್ ಲೆಕ್ಕ ಉಂಟಲ್ಲ, ಅದರಲ್ಲೇ ಎಲ್ಲರೂ ಬೀಳುವುದು. ನಾನೂ ಬಿದ್ದವನೇ.

ನನ್ನ ಮೊದಲನೆಯದು ಪಿ900. 2015ರಲ್ಲಿ ಬಂದ ಮಾಡೆಲ್, 83 ಪಟ್ಟು ಜೂಮ್, 2000 ಮಿ.ಮೀ. ಈ ಮಿ.ಮೀ. ಹೆಚ್ಚಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಒಂದು ನವೆಂಬರ್ ಬೆಳಗ್ಗೆ ಕೆರೆಯ ಹತ್ತಿರ ಬಿದ್ದ ಸೋಗೆಗಳ ನಡುವೆ ನವರಂಗ ಕಂಡಿತು. ಉತ್ತರದಿಂದ ಚಳಿಗಾಲಕ್ಕೆ ಬರುವ ಹಕ್ಕಿ. ತರಗೆಲೆ ಕೆದಕಿ ಹುಳ ತಿನ್ನುತ್ತಾ ಇತ್ತು. ನನಗೂ ಅದಕ್ಕೂ ನಡುವೆ ಎಂಟು ಮೀಟರ್ ಇರಬಹುದು. ನಾನು ಎಂತ ಮಾಡಿದೆ? ಜೂಮ್ ಉಂಟಲ್ಲ ಅಂತ ಪೂರ್ತಿ ಎಳೆದೆ. ಅಷ್ಟು ಎಳೆದರೆ ಲೆನ್ಸ್‌ನ ಬಾಯಿ ಎಫ್/6.5ಕ್ಕೆ ಕಿರಿದಾಗುತ್ತದೆ, ಈ ಅಂಕಿ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಮ್ಮಿ. ಅಡಿಕೆ ತೋಟದ ನೆರಳು ಹೇಗಿರುತ್ತದೆ ಅಂತ ನಿಮಗೇ ಗೊತ್ತು, ಬೆಳಗ್ಗೆ ಎಂಟಕ್ಕೂ ಒಳಗೆ ಮಬ್ಬು. ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600ಕ್ಕೆ ಹತ್ತಿತು, ಶಟರ್ 1/20 ಸೆಕೆಂಡಿಗೆ ಇಳಿಯಿತು. ಕೈ ನಡುಗಿದರೆ ಕ್ಯಾಮೆರಾ ಸರಿಮಾಡುತ್ತದೆ, ಹಕ್ಕಿ ಅಲ್ಲಾಡಿದರೆ ಅದೇನು ಮಾಡೀತು? ನವರಂಗ ಮೋಟು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ನಲವತ್ತು ಚಿತ್ರ ಸಿಕ್ಕಿತು. ಎಲ್ಲದರಲ್ಲೂ ನೀರಲ್ಲಿ ನೆನೆದ ಬಣ್ಣದ ಕಾಗದದ ಹಾಗೆ ಏನೋ ಒಂದು.

ಆಮೇಲೆ ಕೂತು ಲೆಕ್ಕ ಹಾಕಿದೆ. ಎಂಟು ಮೀಟರ್ ದೂರಕ್ಕೆ 600 ಮಿ.ಮೀ. ಲೆನ್ಸ್ ಹಿಡಿದರೆ ಚೌಕಟ್ಟಿನ ಅಗಲ ಸುಮಾರು 48 ಸೆಂ.ಮೀ. ನವರಂಗದ ಉದ್ದ 19 ಸೆಂ.ಮೀ. ಹತ್ತಿರಹತ್ತಿರ ಅರ್ಧ ಚೌಕಟ್ಟು ತುಂಬುತ್ತದೆ. 2000ದ ಅಗತ್ಯವೇ ಇರಲಿಲ್ಲ. ಬೇಕಾಗಿದ್ದದ್ದು ಬೆಳಕು. ಅದಕ್ಕೇ ತೋಟದೊಳಗಿನ ಹಕ್ಕಿಗಳೇ ನಿಮ್ಮ ಪ್ರೀತಿ ಅಂತಾದರೆ, ಅಂದರೆ ನವರಂಗ, ರಾಜಹಕ್ಕಿ, ಮಡಿವಾಳ ಹಕ್ಕಿ ಇಂಥವು, ಸೋನಿ ಆರ್‌ಎಕ್ಸ್10 ನಾಲ್ಕನೆಯದನ್ನು ನೋಡಿ. ಜೂಮ್ 600ಕ್ಕೇ ನಿಲ್ಲುತ್ತದೆ, ಆದರೆ ಅಲ್ಲೂ ಎಫ್/4. ಬೆಳಕು ಹಿಡಿಯುವ ಸೆನ್ಸರ್ ಒಂದಿಂಚಿನದು, ಪಿ950ರದ್ದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಹಾರುವ ಹಕ್ಕಿಗೆ ಫೋಕಸ್ ಹಿಡಿಯುವುದರಲ್ಲೂ ಅದೇ ಮುಂದೆ. ಬೆಲೆ ಮಾತ್ರ ಲಕ್ಷದ ಮೇಲೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಆ ಮಾತೇ ಬೇಡ.

ಹಾಗಾದರೆ ನೀವ್ಯಾಕೆ ಪಿ950 ಇಟ್ಟುಕೊಂಡಿದ್ದೀರಿ ಅಂತ ಕೇಳಬಹುದು. ನನ್ನ ಹಕ್ಕಿಗಳು ಈಗ ಜಾಸ್ತಿ ಇರುವುದು ಶಿರಿಯ ಹೊಳೆಯ ಅಳಿವೆಯಲ್ಲಿ. ಅಲ್ಲಿ ಬೆಳಕಿಗೆ ಬರವಿಲ್ಲ, ದೂರವೇ ಕಷ್ಟ. ಕಳೆದ ಜನವರಿಯಲ್ಲಿ ಆಚೆ ದಡದ ಗಾಳಿಮರದ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಕೂತಿತ್ತು. 2023ರಲ್ಲಿ ಕಾಸರಗೋಡು ಜಿಲ್ಲೆಯ ಹಕ್ಕಿ ಅಂತ ಘೋಷಿಸಿದ್ದಾರಲ್ಲ, ಅದೇ. ಕಾಲಡಿ ಮೀನು. ಬೆಳಗ್ಗೆ ಏಳೂವರೆಯ ಬಿಸಿಲು ಬೆನ್ನ ಹಿಂದಿನಿಂದ ಬರುತ್ತಿತ್ತು. ಚಿತ್ರ ದೊಡ್ಡದು ಮಾಡಿ ನೋಡಿದರೆ ಕೊಕ್ಕಿಗೆ ಅಂಟಿದ ಮೀನಿನ ಹುರುಪೆ ಕಾಣುತ್ತಿತ್ತು! ಪಿ950ರ ಜೂಮೂ 2000ದ್ದೇ. ಇದನ್ನು ಸೋನಿಯ 600ರಲ್ಲಿ ತೆಗೆದು 2000ದ ಅಳತೆಗೆ ಕತ್ತರಿಸಿದರೆ, ಅದರ 20 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಎರಡೂ ಇಲ್ಲ. ಇನ್ನು ಪಿ900 ಬೇಡ, ಪಿ950ಯೇ ಇರಲಿ ಅನ್ನುವುದಕ್ಕೆ ಒಂದೇ ಕಾರಣ, ಇದರಲ್ಲಿ ರಾ ಫೈಲ್, ಅಂದರೆ ಆಮೇಲೆ ಕಂಪ್ಯೂಟರಿನಲ್ಲಿ ಚೆನ್ನಾಗಿ ತಿದ್ದಬಹುದಾದ ಕಚ್ಚಾ ಚಿತ್ರ ಸಿಗುತ್ತದೆ.

ಅಳಿಯ ಹೇಳಿದ 125 ಪಟ್ಟಿನದು ಪಿ1000, ಈಗ ಅದರ ತಮ್ಮ ಪಿ1100. 3000 ಮಿ.ಮೀ., ಎಫ್/8, 1.4 ಕಿಲೋ. ಹತ್ತು ಗಂಟೆಯ ಮೇಲೆ ಮುರಕಲ್ಲಿನ ಪದವಿನಲ್ಲಿ ನಿಂತು ಅಷ್ಟು ಎಳೆದರೆ ಹಕ್ಕಿಯಲ್ಲ, ಬಿಸಿಗಾಳಿ ಕುಣಿಯುವುದರ ಚಿತ್ರ ಬರುತ್ತದೆ. ನನ್ನ 2000ಕ್ಕೇ ಆ ಗತಿ.

ಪೂರ್ತಿ ಜೂಮಿನಲ್ಲಿ ಇನ್ನೆರಡು ತಾಪತ್ರಯ ಉಂಟು. ಐದು ಮೀಟರಿಗಿಂತ ಹತ್ತಿರ ಕೂತ ಹಕ್ಕಿಗೆ ಪಿ950 ಫೋಕಸ್ ಆಗುವುದಿಲ್ಲ, ಒಂದು ಹೆಜ್ಜೆ ಹಿಂದೆ ಹೋದರೆ ಅದು ಹಾರುತ್ತದೆ. ಮತ್ತೊಂದು, ಹಕ್ಕಿ ಸಿಗುವುದೇ ಇಲ್ಲ. 50 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಬರೀ 90 ಸೆಂ.ಮೀ. ಕೊಂಬೆ, ಎಲೆ, ಆಕಾಶ, ಮತ್ತೆ ಎಲೆ! ಲೆನ್ಸ್‌ನ ಪಕ್ಕ ಒಂದು ಗುಂಡಿ ಇದೆ, ಒತ್ತಿ ಹಿಡಿದರೆ ಜೂಮ್ ಹಿಂದೆ ಸರಿದು ಸುತ್ತಮುತ್ತ ಕಾಣುತ್ತದೆ, ಬಿಟ್ಟರೆ ಮೊದಲಿನ ಜಾಗಕ್ಕೇ ಹೋಗುತ್ತದೆ. ಅಂಗಡಿಯಲ್ಲಿ ಯಾರೂ ಇದನ್ನು ತೋರಿಸುವುದಿಲ್ಲ. ನನಗೆ ಗೊತ್ತಾದದ್ದೇ ಎರಡು ವರ್ಷ ಕಳೆದು. ಅದೂ ಮಗಳು ಸುಮ್ನೆ ಒತ್ತಿ ನೋಡಿದ್ದಕ್ಕೆ.

ಆ ಪಿ900 ಏನಾಯಿತು ಅಂತ ಹೇಳಲಿಲ್ಲ ಅಲ್ವಾ? ಒಂದು ಮಳೆಗಾಲ ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟೆ. ಸೆಪ್ಟೆಂಬರಿನಲ್ಲಿ ತೆಗೆದು ಟಾರ್ಚ್ ಹಿಡಿದು ನೋಡಿದರೆ ಲೆನ್ಸ್ ಒಳಗೆ ಜೇಡರ ಬಲೆಯ ಹಾಗೆ ಬೂಸಲು. ಇವುಗಳ ಲೆನ್ಸ್ ಬಿಚ್ಚಲು ಬರುವುದಿಲ್ಲ. ರಿಪೇರಿಯವರು ಲೆನ್ಸೇ ಬದಲಿಸಬೇಕು ಎಂದು ಹೇಳಿದ ಮೊತ್ತ ಕೇಳಿ, ಹಾಗೇ ವಾಪಸ್ ತಂದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟಾರ್ಚ್ ಮರೆಯಬೇಡಿ.

ಈಗಿನದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮಲಗಿದೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಬಿಸಿಮಾಡಿ ಮತ್ತೆ ಹಾಕುತ್ತೇನೆ. ಅದಕ್ಕೆಂದೇ ಹಳೆಯ ಬಾಣಲೆ ಬೇರೆ ಇಡಿ, ಆ ನೀಲಿ ಬಣ್ಣ ಹೊಟ್ಟೆಗೆ ಹೋಗಬಾರದು. ನಮ್ಮಲ್ಲಿ ಇದರ ಮೇಲೆ ಒಂದು ಜಗಳವೇ ಆಗಿದೆ.

ಅಳಿಯ ಇನ್ನೂ ಏನೂ ಕೊಂಡಿಲ್ಲ. ನವೆಂಬರಿನಲ್ಲಿ ಬಾ, ಒಂದು ಬೆಳಗ್ಗೆ ತೋಟ, ಒಂದು ಬೆಳಗ್ಗೆ ಅಳಿವೆ, ನನ್ನದರಲ್ಲೇ ತೆಗೆದು ನೋಡು ಅಂದಿದ್ದೇನೆ. ನಿಮಗೂ ಬೇಕಾದರೆ ಬನ್ನಿ. ಈಗ ಬೇಡ, ಅದು ಡಬ್ಬಿಯೊಳಗೆ ಉಂಟು.